ಬೆಂಚಕ್ಕನ ಓಣಿಗೆ ಗಣತಿ ಬಂದ ಬೆಳಿಗ್ಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಮೊದಲ ಮನೆಯ ಬಾಗಿಲು ತಟ್ಟಿದ ಬೆಂಚಕ್ಕ, ಅದು ತೆರೆಯುವವರೆಗೂ ಕಾಯದೆ ಹೊರಗಿನಿಂದಲೇ ಕೇಳುತ್ತಾರೆ: "ಏನ್ ಕೆಲಸ ಮಾಡ್ತೀಯಾ ನೀನು?"

"ಗುಂಡಿ ಹೊಲೀತೀನಿ ಅಕ್ಕಾ," ಎಂದು ಒಳಗಿನಿಂದ ನಿದ್ದೆಗಣ್ಣಿನ ದನಿಯೊಂದು ಬರುತ್ತದೆ. "ಇನ್ನೂ ಹಲ್ಲುಜ್ಜಿಲ್ಲ, ಬಿಡಿ."

"ಹಲ್ಲು ಆಮೇಲೆ ಉಜ್ಜು. ಗಣತಿಯವರು ಬಂದಾಗ ಇದನ್ನೇ ಹೇಳು, ಅಷ್ಟು ಸಾಕು."

ಎರಡನೇ ಮನೆಯಲ್ಲಿ ಬಾಗಿಲು ತೆರೆಯುವುದು ಕೊಳಾಯಿ ರಿಪೇರಿ ಮಾಡುವ ಗಂಡಸು. ಅವನಿಗೂ ಅದೇ ಪ್ರಶ್ನೆ, ಸ್ವಲ್ಪ ತಿರುವಿ: "ನಿನ್ನ ಹೆಂಡ್ತಿ ಏನ್ ಮಾಡ್ತಾಳಪ್ಪಾ?" ಆತ ತಲೆ ಕೆರೆದುಕೊಳ್ಳುತ್ತಾನೆ. "ಅವಳಾ? ಅವಳು ಮನೇಲೇ..." ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಜೋರಾಗಿ ಒಂದು ಕೆಮ್ಮು ಕೇಳಿಸುತ್ತದೆ. "ಅಲ್ಲ ಅಲ್ಲ, ಶರ್ಟಿಗೆ ಕಾಜಾ ಹಾಕ್ತಾಳೆ. ದಿನಾ ಹಾಕ್ತಾಳೆ!" ಕೆಮ್ಮು ನಿಲ್ಲುತ್ತದೆ. ಬೆಂಚಕ್ಕ ನಗು ತಡೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಗಣತಿಯ ಹುಡುಗಿ ಬರುವುದರೊಳಗೆ ಓಣಿಯ ಕೊನೆ ಮುಟ್ಟಬೇಕು, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುತ್ತಿದ್ದಾರೆ.

ಬೆಂಚಕ್ಕನಿಗೆ ಐವತ್ತು ದಾಟಿದೆ. ಕುಳ್ಳಗಿನ ದೇಹ, ಚುರುಕು ನಡಿಗೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಚರ್ಮ. ಕಾರ್ಖಾನೆಯಲ್ಲಿ ಹೊಲಿದ ಶರ್ಟುಗಳು ಗಂಟು ಗಂಟಾಗಿ ಈ ಓಣಿಗೆ ಬರುತ್ತವೆ. ಕಾಜಾ ಒಂದು ಮನೆಯಲ್ಲಿ, ಗುಂಡಿ ಇನ್ನೊಂದು ಮನೆಯಲ್ಲಿ. ಹೊಲಿಗೆಯ ತುದಿಯಲ್ಲಿ ನೇತಾಡುವ ದಾರಗಳನ್ನೆಲ್ಲ ಕತ್ತರಿಸಿ, ಮಡಿಸಿ, ಮಾರಾಟಕ್ಕೆ ಸಿದ್ಧ ಮಾಡುವುದು ಬೆಂಚಕ್ಕನ ಕೆಲಸ. ಒಂದು ಗಂಟಿನಲ್ಲಿ ನೂರು ಶರ್ಟು, ದಿನಕ್ಕೆ ಎರಡು ಗಂಟು. ಅಂಗಡಿಯ ಗಾಜಿನ ಹಿಂದೆ ಚೆಂದವಾಗಿ ನಿಂತಿರುವ ಶರ್ಟು ಕೊನೆಯದಾಗಿ ಯಾರ ಮಡಿಲಲ್ಲಿತ್ತು ಎಂದು ಕೊಳ್ಳುವವರು ಕೇಳುವುದಿಲ್ಲ. ನಗರದ ಆಡಳಿತವೂ ಇಷ್ಟು ವರ್ಷ ಕೇಳಿರಲಿಲ್ಲ. ಅದೇ ಈ ಕಥೆಯ ತಕರಾರು.

ನಗರಸಭೆ ಕೆಲಸಗಾರರಿಗಾಗಿ ಒಂದು ಯೋಜನೆ ಮಾಡಿದೆ. ಆಸ್ಪತ್ರೆ ಖರ್ಚು, ಹೆರಿಗೆಯ ಹೊತ್ತಿನಲ್ಲಿ ಸಂಬಳದ ರಜೆ, ಮಕ್ಕಳನ್ನು ಬಿಟ್ಟುಹೋಗಲು ಶಿಶುವಿಹಾರ, ಎಲ್ಲವೂ ಅದರಲ್ಲಿವೆ. ಆದರೆ ನಗರಸಭೆ ಹಿಂದೆ ಮಾಡಿಸಿದ ಕೆಲಸಗಾರರ ಗಣತಿಯಲ್ಲಿ ಈ ಓಣಿಯ ಹೆಂಗಸರೆಲ್ಲ 'ಕೆಲಸವಿಲ್ಲದವರು'. ಮನೆಯಲ್ಲಿ ಅಡುಗೆ ಮಾಡಿ ಡಬ್ಬಿ ಕಳಿಸುವವರು, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು, ಕಸ ಆರಿಸುವವರು ಎಲ್ಲರದೂ ಇದೇ ಪಾಡು. ಇವರೆಲ್ಲ ಸೇರಿ ಕಟ್ಟಿಕೊಂಡ ಮಹಿಳಾ ಒಕ್ಕೂಟ ಹೋಗಿ ಕೇಳಿದಾಗ ಅಧಿಕಾರಿಗಳು ಕೈ ಚೆಲ್ಲಿದರು. ಬಜೆಟ್‌ನಲ್ಲಿ ಯಾರಿಗೆ ಅಂತ ಹಣ ಇಡೋಣ, ನಮ್ಮ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲವಲ್ಲ ಎಂದರು. ಎದುರಿಗೆ ನಿಂತವರನ್ನು ನೋಡಿಕೊಂಡೇ ಹೀಗೆಂದರು ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ಲಿಂದಲೇ ಬೆಂಚಕ್ಕನ ಹೆಸರೂ ಶುರು. ಹಣಕಾಸು ಸಮಿತಿಯ ಕೋಣೆಯ ಹೊರಗೆ ಒಂದು ಮರದ ಬೆಂಚು. ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಓಡಾಡಿಸಿದಾಗ ಒಕ್ಕೂಟದವರು ಒಂದು ತೀರ್ಮಾನಕ್ಕೆ ಬಂದರು: ಆ ಬೆಂಚು ಖಾಲಿ ಬಿಡುವುದು ಬೇಡ. ಸರದಿಯ ಮೇಲೆ ಕೂರುವ ಮಾತಾಗಿತ್ತು. ಆದರೆ ಡಬ್ಬಿಯವರಿಗೆ ಒಲೆ ಬಿಟ್ಟು ಬರಲಾಗದು, ಮಕ್ಕಳನ್ನು ನೋಡುವವರಿಗೆ ಮಕ್ಕಳನ್ನು ಬಿಟ್ಟು ಬರಲಾಗದು. ಗಂಟನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಾದ್ದರಿಂದ ಹೆಚ್ಚಿನ ಸರದಿ ಬೆಂಚಕ್ಕನ ಪಾಲಿಗೇ ಬಂತು. ಬೆಂಚಿನ ಮೇಲೆ ಕೂತು ದಾರ ಕತ್ತರಿಸುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಎದ್ದು ನಮಸ್ಕಾರ ಹೇಳಿ ಮತ್ತೆ ಕೂರುತ್ತಿದ್ದರು. ನೆಲವೆಲ್ಲ ದಾರ ಮಾಡ್ತೀರಿ ಎಂದು ಜವಾನ ಗೊಣಗಿದ. ಮರುದಿನದಿಂದ ಒಂದು ಎಳೆಯೂ ಕೆಳಗೆ ಬೀಳದಂತೆ ಮಡಿಲಿಗೆ ಚೀಲ ಕಟ್ಟಿಕೊಂಡು ಬಂದರು. ಕೊನೆಗೆ ಅದೇ ಜವಾನ ತನ್ನ ಅಂಗಿಯ ಸಡಿಲ ಗುಂಡಿಯನ್ನು ಇವರ ಕೈಯಲ್ಲೇ ಭದ್ರ ಮಾಡಿಸಿಕೊಂಡ.

"ನಮ್ಮಲ್ಲಿ ಮಾತಾಡೋರು ಬೇರೆ ಇದ್ದಾರೆ. ಪೇಪರಲ್ಲಿ ಫೋಟೋ ಬರೋದೂ ಅವರದೇ, ಬರಲಿ," ಎನ್ನುತ್ತಾರೆ ಬೆಂಚಕ್ಕ. "ನನಗೆ ಬರೋದು ಕೂರೋದು. ಜಪ್ಪಯ್ಯ ಅಂದ್ರೂ ಏಳ್ದೆ ಕೂರೋದು."

ಕೂತದ್ದಕ್ಕೆ ಫಲವೂ ಸಿಕ್ಕಿತು. ಎರಡು ವರ್ಷದ ಹಿಂದೆ ಒಂದು ದಿನ ಬಾಗಿಲು ತೆರೆದು ಒಳಗೆ ಕರೆದರು. ಒಕ್ಕೂಟದ ಪರವಾಗಿ ಮಾತಾಡಲು ಅರ್ಥಶಾಸ್ತ್ರ ಪಾಠ ಮಾಡುವ ಕಾಲೇಜು ಮೇಡಂ ಇದ್ದರು, ತಯಾರಿ ಜೋರಾಗಿತ್ತು. ಸಮಿತಿಯ ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದಲೇ, ಕುರ್ಚಿ ಎಳೆದುಕೊಳ್ಳುತ್ತಿದ್ದ ಬೆಂಚಕ್ಕನನ್ನು ನೋಡಿ, "ನೀವೇನು ಕೆಲಸ ಮಾಡ್ತೀರಮ್ಮಾ?" ಎಂದು ಕೇಳಿದರು. ಬೆಂಚಕ್ಕನ ನಾಲಿಗೆ ಅಲ್ಲೇ ಕೈ ಕೊಟ್ಟಿತು. "ನಾನಾ? ಏನಿಲ್ಲ ಸಾರ್, ಮನೇಲೇ ಇರ್ತೀನಿ."

ಮಡಿಲಲ್ಲಿ ಗಂಟಿತ್ತು, ಕೈಯಲ್ಲಿ ಕತ್ತರಿಯೂ ಇತ್ತು. ಕೋಣೆಯೆಲ್ಲ ನಕ್ಕಿತು. ಸಮಿತಿಗೆ ಬೇಕಾಗಿದ್ದೂ ಅಷ್ಟೇ. ಅವರೇ ಹೇಳ್ತಿದ್ದಾರಲ್ಲ ಎಂದು ಮುಂದಿನ ವಿಷಯಕ್ಕೆ ಹೋದರು.

"ವಾಪಸ್ ಬರೋ ದಾರೀಲಿ ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು," ಎಂದು ಅವರು ಕತ್ತರಿಯನ್ನು ನೋಡುತ್ತ ಹೇಳುತ್ತಾರೆ. "ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಮದುವೆಯಾದಾಗಿಂದ ಯಾರು ಕೇಳಿದ್ರೂ ಅದೇ ಹೇಳಿದ್ದು. ಬಾಯಿಗೆ ಅದೊಂದೇ ಗೊತ್ತಿತ್ತು."

ಆ ರಾತ್ರಿ ಅತ್ತರು. ಬೆಳಿಗ್ಗೆ ಎದ್ದು ಮುಖ ತೊಳೆದು ಮತ್ತೆ ಬೆಂಚಿನ ಮೇಲೆ ಹೋಗಿ ಕೂತರು. ಇಂಥ ಮನುಷ್ಯರನ್ನು ಸೋಲಿಸುವುದು ಕಷ್ಟ.

ಓಣಿಯ ಆಟ ಹುಟ್ಟಿದ್ದು ಆ ವಾರದಲ್ಲೇ. ನೀರಿನ ಸಾಲಿನಲ್ಲಿ, ಶಾಲೆಯ ಗೇಟಿನ ಹತ್ತಿರ, ಹೇಳದೆ ಕೇಳದೆ ಒಬ್ಬರು ಇನ್ನೊಬ್ಬರಿಗೆ "ಏನ್ ಕೆಲಸ?" ಎಂದು ಎಸೆಯಬೇಕು. "ಏನಿಲ್ಲ" ಎಂದು ಬಾಯಿತಪ್ಪಿ ಅಂದವರು ಅವತ್ತಿಡೀ ಉಳಿದವರ ಸೂಜಿಗಳಿಗೆ ದಾರ ಪೋಣಿಸಿಕೊಡಬೇಕು. ಮೊದಲ ತಿಂಗಳು ಎಲ್ಲರೂ ಸೋತವರೇ, ಯಾರು ಯಾರಿಗೆ ಪೋಣಿಸಬೇಕೆಂದು ಗಲಾಟೆಯಾಯಿತು. ಈಗ ಶಾಲೆಗೆ ಹೋಗುವ ಹುಡುಗಿಯರು ಕೂಡ ಥಟ್ಟನೆ, "ನಮ್ಮಮ್ಮ ಕಾಜಾ ಕೆಲಸ," ಎನ್ನುತ್ತಾರೆ. ಒಕ್ಕೂಟದ ಬೇರೆ ಬಡಾವಣೆಗಳಿಗೂ ಆಟ ಹಬ್ಬಿದೆ. ಡಬ್ಬಿಯವರಲ್ಲಿ ಸೋತವರು ಈರುಳ್ಳಿ ಹೆಚ್ಚಬೇಕಂತೆ.

ಒಕ್ಕೂಟವೂ ಪಟ್ಟು ಸಡಿಲಿಸಲಿಲ್ಲ. ಹಿಂದಿನ ಗಣತಿಯಲ್ಲಿ ಮನೆಯೊಳಗಿನ ಕೆಲಸ ಹೇಗೆ ತಪ್ಪಿಹೋಯಿತೆಂದು ಕಾಲೇಜು ಮೇಡಂ ಬೀದಿ ಬೀದಿಯ ಉದಾಹರಣೆ ಇಟ್ಟು ತೋರಿಸಿದರು. ಸಮಿತಿ ಮರುಗಣತಿಗೆ ಒಪ್ಪಿತು, ಒಂದು ಷರತ್ತಿನೊಂದಿಗೆ. ಮನೆಯಲ್ಲಿರುವ ಹಿರಿಯರನ್ನೇ ಕೇಳುತ್ತೇವೆ, ಪಕ್ಕದಲ್ಲಿ ನಿಂತು ಯಾರೂ ಹೇಳಿಕೊಡುವಂತಿಲ್ಲ. ತಿಂಗಳ ಕೊನೆಗೆ ಬಜೆಟ್. ಈ ಸಲ ತಪ್ಪಿದರೆ ಮುಂದಿನ ಗಣತಿಗೆ ಐದು ವರ್ಷ ಕಾಯಬೇಕು.

ಮೊನ್ನೆ ಗಂಟು ತರುವ ವ್ಯಾನಿನವನು ಬಂದು ಹೊಸ ರಾಗ ತೆಗೆದಿದ್ದಾನೆ: ಗಣತಿಯಲ್ಲಿ ಹೆಸರು ಬರೆಸಿದವರಿಗೆ ಇನ್ನು ಗಂಟಿಲ್ಲ. ನಾಲ್ಕಾರು ಮನೆಯವರ ಮುಖ ಸಪ್ಪಗಾಯಿತು. ಬೆಂಚಕ್ಕ ಮಾತ್ರ ಅವನಿಗೆ ಕೂರಲು ಸ್ಟೂಲು ಕೊಟ್ಟು, ಟೀ ಕೊಟ್ಟು, ನಿಧಾನವಾಗಿ ಕೇಳಿದರಂತೆ: "ಒಂದು ಮನೆಗೆ ನಿಲ್ಲಿಸಿದ್ರೆ ಇಡೀ ಓಣಿ ಕತ್ತರಿ ಕೆಳಗಿಡ್ತೀವಿ. ದಾರ ನೇತಾಡೋ ಶರ್ಟು ಯಾರು ತಗೋತಾರೆ, ನೀನು ಹಾಕ್ಕೋತೀಯಾ?" ಆತ ಟೀ ಕುಡಿದು ಎದ್ದು ಹೋದ. ಇವತ್ತಿನ ಗಂಟು ಎಂದಿನಂತೆ ಬಂದಿದೆ.

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಿದರೆ ಬೆಂಚಕ್ಕ ತಮ್ಮ ಮನೆಯೊಳಗೆ ಕರೆದೊಯ್ಯುತ್ತಾರೆ. ಇರುವುದೊಂದೇ ಕೋಣೆ, ಒಂದೇ ಕಿಟಕಿ. ಕಿಟಕಿಯ ಬೆಳಕಿಗೆ ಸೊಸೆ ಕೂತು ಗುಂಡಿ ಹೊಲಿಯುತ್ತಿದ್ದಾಳೆ. ಎಂಟು ತಿಂಗಳ ಬಸುರಿ, ಶರ್ಟನ್ನು ಮಡಿಲಲ್ಲಿ ಇಟ್ಟುಕೊಳ್ಳಲಾಗದೆ ಮಂಡಿಯ ಮೇಲೆ ಹರಡಿಕೊಂಡಿದ್ದಾಳೆ. ಮೊದಲ ಮಗು ಹುಟ್ಟಿದಾಗ ಐದನೇ ದಿನಕ್ಕೇ ಸೂಜಿ ಹಿಡಿದವಳು. ಲಾರಿ ಓಡಿಸುವ ಗಂಡ ಊರಲ್ಲಿರಲಿಲ್ಲ, ಗಂಟು ಮಾತ್ರ ಬಾಗಿಲಲ್ಲಿತ್ತು. ಹಸಿ ಮೈಯಲ್ಲಿ ಕೂತು ಕೂತು ಜ್ವರ ಬಂದು ಆಸ್ಪತ್ರೆ ಸೇರಿದಳು. ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ ದಿನವನ್ನು ಬೆಂಚಕ್ಕ ಮರೆತಿಲ್ಲ. ಆ ಮಾತು ಬಂದರೆ ದನಿ ಗಟ್ಟಿಯಾಗುತ್ತದೆ. "ಕಾರ್ಖಾನೆಯಲ್ಲಿದ್ದಿದ್ರೆ ರಜೆ ಕೊಡ್ತಿದ್ರು. ಮನೇಲಿ ಕೂತು ಅದೇ ಶರ್ಟಿಗೆ ಅದೇ ಗುಂಡಿ ಹೊಲಿದ್ರೆ ರಜೆ ಇಲ್ಲ. ಇದ್ಯಾವ ನ್ಯಾಯ?"

ಮೂಲೆಯಲ್ಲಿ ಇನ್ನೊಬ್ಬರಿದ್ದಾರೆ. ಬೆಂಚಕ್ಕನ ಅತ್ತೆ. ಕಣ್ಣು ಹೆಚ್ಚು ಕಡಿಮೆ ಹೋಗಿದೆ. ತಟ್ಟೆಯಲ್ಲಿ ಗುಂಡಿ ಸುರಿದುಕೊಂಡು, ಬೆರಳಲ್ಲೇ ತಡವಿ, ಎರಡು ತೂತಿನದು ಒಂದು ಕಡೆ, ನಾಲ್ಕು ತೂತಿನದು ಒಂದು ಕಡೆ ಮಾಡುತ್ತಾರೆ. ಓಣಿಯ ಆಟಕ್ಕೆ ಸೇರದ ಒಬ್ಬರೇ ಒಬ್ಬರು ಇವರು. "ನನಗ್ಯಾಕೆ ಈ ನಾಟಕ," ಎಂದು ಮೊದಲ ದಿನವೇ ಮೂಗು ಮುರಿದಿದ್ದರು. ಈ ಮನೆಯ ಹಿರಿಯರು ಇವರೇ. ಇವತ್ತು ಮೂವರ ಪರವಾಗಿ ಬಾಯಿ ಬಿಡಬೇಕಾದವರೂ ಇವರೇ. ಊರಿನ ಗಂಡಸರಿಗೆಲ್ಲ ಪಾಠ ಹೇಳಿದ ಬೆಂಚಕ್ಕನಿಗೆ ಸ್ವಂತ ಅತ್ತೆಯ ಮುಂದೆ ಮಾತ್ರ ಬಾಯಿ ಬಂದಿಲ್ಲ. "ಅವರಿಗೆ ನಾನು ಹೇಳಿಕೊಡೋದಾ? ಕತ್ತರಿ ಹಿಡಿಯೋದು ನನಗೆ ಕಲಿಸಿದ್ದೇ ಅವರು," ಎಂದು ಪಿಸುಗುಟ್ಟುತ್ತಾರೆ.

ಅಷ್ಟರಲ್ಲಿ ಗಣತಿಯ ಹುಡುಗಿ ಬಾಗಿಲಿಗೆ ಬಂದೇಬಿಡುತ್ತಾಳೆ. ಕೈಯಲ್ಲಿ ಟ್ಯಾಬ್, ಹೆಗಲಲ್ಲಿ ನೀರಿನ ಬಾಟಲಿ. ಷರತ್ತನ್ನು ಮತ್ತೊಮ್ಮೆ ನೆನಪಿಸಿ, ಅಜ್ಜಿಯ ಮುಂದೆ ನೆಲದ ಮೇಲೇ ಕೂರುತ್ತಾಳೆ. "ಅಜ್ಜಿ, ಈ ಮನೇಲಿ ಕೆಲಸ ಮಾಡೋರು ಯಾರ್ಯಾರು?"

"ಮೊಮ್ಮಗ," ಎನ್ನುತ್ತಾರೆ ಅತ್ತೆ. "ಲಾರಿ ಓಡಿಸ್ತಾನೆ."

"ಮತ್ತೆ?"

ಅತ್ತೆ ತಟ್ಟೆಯತ್ತ ಬಾಗುತ್ತಾರೆ. ಗುಂಡಿಗಳ ಮೇಲೆ ಬೆರಳು ಓಡುತ್ತಿದೆ. ಸೊಸೆಯ ಸೂಜಿ ಅರ್ಧಕ್ಕೆ ನಿಂತಿದೆ. ಬೆಂಚಕ್ಕ ಬಾಯಿ ತೆರೆಯುವಂತಿಲ್ಲ, ಸುಮ್ಮನೆ ಕೂರಲೂ ಆಗುತ್ತಿಲ್ಲ. ಕೊನೆಗೆ ಬೆಂಚಿನ ಮೇಲೆ ಅಷ್ಟು ದಿನ ಮಾಡಿದ್ದನ್ನೇ ಮಾಡುತ್ತಾರೆ. ಗಂಟಿನಿಂದ ಒಂದು ಶರ್ಟು ಎಳೆದುಕೊಂಡು ದಾರ ಕತ್ತರಿಸತೊಡಗುತ್ತಾರೆ. ಕಚ್, ಕಚ್.

ಅತ್ತೆ ತಲೆಯೆತ್ತುತ್ತಾರೆ. "ಆ ಸದ್ದು ಕೇಳಿಸ್ತಾ ಇದೆಯಾ ನಿನಗೆ?"

"ಕತ್ತರಿ ಸದ್ದಾ ಅಜ್ಜಿ?"

"ಅದು ನನ್ನ ಸೊಸೆ. ನಾನು ಮಲಗುವಾಗ್ಲೂ ಇರುತ್ತೆ, ಏಳುವಾಗ್ಲೂ ಇರುತ್ತೆ. ಅದು ಕೆಲಸ ಅಲ್ದೆ ಇನ್ನೇನು, ಸಂಗೀತವಾ? ಬರ್ಕೋ. ಕಿಟಕಿ ಹತ್ರ ಇರೋ ಹುಡುಗಿ ಗುಂಡಿ ಹೊಲೀತಾಳೆ. ತುಂಬು ಬಸುರಿ, ಅದನ್ನೂ ಬರ್ಕೋ."

ಹುಡುಗಿಯ ಬೆರಳು ಟ್ಯಾಬಿನ ಮೇಲೆ ಓಡುತ್ತದೆ. "ಆಯ್ತು ಅಜ್ಜಿ. ನೀವೇನು ಮಾಡ್ತೀರಿ?"

"ನಾನಾ? ನಾನೇನಿಲ್ಲಮ್ಮಾ, ಮನೇಲೇ..."

ಮಾತು ಅಲ್ಲಿಗೇ ನಿಲ್ಲುತ್ತದೆ. ಬೆರಳುಗಳೂ ತಟ್ಟೆಯ ಮೇಲೆ ನಿಲ್ಲುತ್ತವೆ. ಅತ್ತೆ ಒಮ್ಮೆ ನಾಲಿಗೆ ಕಚ್ಚಿಕೊಂಡು, ಬೆಂಚಕ್ಕನ ಕತ್ತರಿಯ ಸದ್ದಿದ್ದ ಕಡೆಗೆ ಬಲಗೈ ಚಾಚುತ್ತಾರೆ.

"ಸೂಜಿ ಕೊಡಿ ಇಲ್ಲಿ. ಇವತ್ತು ಪೋಣಿಸೋ ಸರದಿ ನಂದು." ಆಮೇಲೆ ಹುಡುಗಿಯ ಕಡೆ ತಿರುಗಿ, "ಗುಂಡಿ ಆರಿಸ್ತೀನಿ ಅಂತ ಬರ್ಕೋ. ನಾವು ಮೂರು ಜನ."

ಗಣತಿಯ ಹುಡುಗಿ ಬರೆದುಕೊಂಡು ಪಕ್ಕದ ಮನೆಗೆ ಹೋಗುತ್ತಾಳೆ. ಬಜೆಟ್‌ನಲ್ಲಿ ಏನಾಗುತ್ತದೋ ತಿಂಗಳ ಕೊನೆಗೆ ತಿಳಿಯುತ್ತದೆ, ಅಲ್ಲಿಯವರೆಗೆ ಆ ಬೆಂಚು ಖಾಲಿಯಾಗುವುದಿಲ್ಲ. ಅತ್ತೆ ಮಾತ್ರ ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ದಾರದ ತುದಿ ತೂರಿಸಲು ನೋಡುತ್ತಿದ್ದಾರೆ. ಒಮ್ಮೆ ತಪ್ಪುತ್ತದೆ, ಇನ್ನೊಮ್ಮೆ ತಪ್ಪುತ್ತದೆ. ಸಹಾಯಕ್ಕೆ ಹೋದ ಮೊಮ್ಮಗನ ಹೆಂಡತಿಯ ಕೈಯನ್ನು ಗದರಿ ದೂರ ತಳ್ಳುತ್ತಾರೆ.

ಬೆಂಚಕ್ಕ ಕಣ್ಣೊರೆಸಿಕೊಂಡು ಮತ್ತೆ ಶರ್ಟು ಎತ್ತಿಕೊಳ್ಳುತ್ತಾರೆ. "ನನ್ನ ಆಸೆ ಏನೂ ದೊಡ್ಡದಲ್ಲ," ಎನ್ನುತ್ತಾರೆ. "ಈ ಸಲ ಬಾಣಂತನದಲ್ಲಿ ಈ ಹುಡುಗಿ ಸೂಜಿ ಹಿಡೀಬಾರದು. ಅಷ್ಟು ದಿನ ಅವಳ ಪಾಲಿನ ಗುಂಡಿ ನಾನು ಹೊಲೀತೀನಿ. ದಾರ ಪೋಣಿಸಿಕೊಡೋಕೆ ನಮ್ಮತ್ತೆ ಇದ್ದಾರಲ್ಲ."