ಅತ್ತೆಯ ಮಡಿ

ಅತ್ತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಇಕ್ಕಟ್ಟಿನ ಓಣಿಯಲ್ಲಿ ಹೋಗುವವಳಂತೆ ನಡೆಯುತ್ತಿದ್ದಳು. ನಮ್ಮ ಅಂಗಳವೋ ಗಾಡಿ ತಿರುಗಿಸುವಷ್ಟು ಅಗಲ. ಅವಳು ಯಾರಿಗೂ ತಾಗಬಾರದು, ಯಾರೂ ಅವಳಿಗೆ ತಾಗಬಾರದು, ಅಷ್ಟೆ.

ಅಪ್ಪನ ಅಕ್ಕ ಅವಳು. ದಿಂಡಿಗಲ್ಲಿಗೆ ಮದುವೆಯಾಗಿ ಹೋಗಿ, ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು, ಕಾಮಯಗೌಂಡನ್‌ಪಟ್ಟಿಯ ನಮ್ಮ ಮನೆಗೆ ವಾಪಸು ಬಂದವಳು. ಬರುವಾಗ ಒಂದು ತಗಡಿನ ಪೆಟ್ಟಿಗೆಯನ್ನೂ ಅಲ್ಲಿ ನೆರೆಯವರಿಂದ ಕಲಿತ ಮಡಿಯನ್ನೂ ತಂದಳು. ದ್ರಾಕ್ಷಿ ಬೆಳೆಯುವ ನಮ್ಮಂಥ ಒಕ್ಕಲಿಗರ ಮನೆಯಲ್ಲಿ ಬೇರೆ ಯಾರಿಗೂ ಅದರ ಗೊಡವೆ ಇರಲಿಲ್ಲ. ಅತ್ತೆ ಮಾತ್ರ ಒಗೆದ ಸೀರೆಯನ್ನು ಕೋಲಿನಿಂದ ಎತ್ತಿ ಸೂರಿನ ಗಳುವಿನ ಮೇಲೆ ಹರವುವಳು. ಪುಟ್ಟ ಹುಡುಗಿ ನಾನು ಹತ್ತಿರ ಸುಳಿದರೆ, “ಏ ಪುಳ್ಳೆ, ಮುಟ್ಬ್ಯಾಡ. ಮಡಿ” ಎನ್ನುವಳು.

ಹಾಗೆಂದರೇನು ಎಂದು ಒಮ್ಮೆ ಕೇಳಿದೆ. “ಅವ್ರು ಒದುಂಗಕ್ ಮುಂಚೆ ನಾವೇ ಒದುಂಗೋದು” ಎಂದಳು. ಒದುಂಗುವುದೆಂದರೆ ಪಕ್ಕಕ್ಕೆ ಸರಿಯುವುದು. ಮದುವೆಮನೆಗಳಲ್ಲಿ ಅವಳನ್ನು ಕಂಡು ಹೆಂಗಸರು ಹಾಗೆ ಸರಿಯುವುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಅರವತ್ತರ ದಶಕದ ಮಾತು. ನಾನು ಎರಡನೆಯ ತರಗತಿಯಲ್ಲಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಎರಡರಲ್ಲೂ ತಪ್ಪಾದೀತೆಂದು ಹೆದರಿ ನಾನು ಬಾಯಿ ಬಿಡುತ್ತಲೇ ಇರಲಿಲ್ಲ. ಈಗಲೂ ಅಂಥ ಸುಧಾರಣೆಯೇನೂ ಆಗಿಲ್ಲ. ಹಿಂದಿನ ವರ್ಷ ನಪಾಸಾಗಿದ್ದೆ. “ಇನ್ನೊಂದ್ ತಪಾ ನಪಾಸಾದ್ರೆ ಪಳ್ಳಿಕೂಡ ಸಾಕು, ತ್ವಾಟಕ್ಕೆ ಬರ್ಲಿ” ಎಂದು ಅಪ್ಪ ಹೇಳಿಬಿಟ್ಟಿದ್ದ.

ಪರೀಕ್ಷೆಯ ಹೊತ್ತಿಗೆ ಸರಿಯಾಗಿ ನನ್ನ ಮೈಮೇಲೆ ಅಮ್ಮ ಎದ್ದಿತು, ಸಣ್ಣ ಗುಳ್ಳೆಯ ಸಿಡುಬು. ಬಸುರಿಯಾಗಿದ್ದ ಅವ್ವನನ್ನು ಓಡೈಪಟ್ಟಿಯ ತವರಿಗೆ ಕಳಿಸಿದರು. ಅಪ್ಪ ತೋಟದಲ್ಲೇ ಉಳಿದ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮೇಲೆ ಬೀದಿಯವರು ಯಾರೂ ಒಳಗೆ ಬರಲಿಲ್ಲ. ಉಳಿದವರು ಅತ್ತೆ ಮತ್ತು ನಾನು. ಅವಳು ಬೇವು ಅರಿಸಿನ ಅರೆದು ಬಟ್ಟಲನ್ನು ನನ್ನತ್ತ ತಳ್ಳಿ, ದೂರದಲ್ಲಿ ಕೂತು, ಎಲ್ಲೆಲ್ಲಿ ಹಚ್ಚಿಕೊಳ್ಳಬೇಕೆಂದು ಹೇಳುತ್ತಿದ್ದಳು.

ಶಾಲೆಯ ವಾದ್ಯಾರು, ಅಂದರೆ ಮೇಷ್ಟ್ರು, ಒಳ್ಳೆಯವರು. ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯನ್ನು ಒಂದು ಸ್ಲೇಟಿನ ಮೇಲೆ ಬರೆದು ತಂದು ಜಗಲಿಯಲ್ಲಿಟ್ಟು, ಬೀದಿಗೆ ಇಳಿದು ನಿಂತು, “ನೀಂಗ ಒರು ವಾರ್ತೆ ಸೊಲ್ಲಕ್ಕೂಡಾದು” ಎಂದು ಅತ್ತೆಗೆ ತಾಕೀತು ಮಾಡಿದರು. ಒಂದು ಮಾತೂ ಹೇಳಿಕೊಡಕೂಡದು.

“ಸೊಲ್ಲಮಾಟ್ಟೇನ್. ಅಮ್ಮನ ಮೇಲೆ ಆಣೆ” ಹೇಳಿಕೊಡುವುದಿಲ್ಲವೆಂದು ಅತ್ತೆ ಮಾತು ಕೊಟ್ಟಳು, ಅರ್ಧ ತಮಿಳಿನಲ್ಲಿ, ಅರ್ಧ ನಮ್ಮದರಲ್ಲಿ. ವಾದ್ಯಾರು ಟೀ ಅಂಗಡಿಯ ಕಡೆ ಹೋದರು.

ಸ್ಲೇಟಿನ ತಮಿಳು ಕಥೆ ಸಣ್ಣದು. ಸಂತೆಯಲ್ಲಿ ತಪ್ಪಿಸಿಕೊಂಡ ಹುಡುಗಿ ಅಳುತ್ತಾಳೆ, ತಾಯಿ ಸಿಗುತ್ತಾಳೆ, ಹುಡುಗಿ ತಾಯಿಯ ‘ಮಡಿ’ಯಲ್ಲಿ ಮಲಗುತ್ತಾಳೆ, ಅಳು ನಿಲ್ಲುತ್ತದೆ. ಪ್ರಶ್ನೆ: ಅಳು ಏಕೆ ನಿಂತಿತು?

ನನಗೆ ಆ ಹುಡುಗಿಯ ಬಗ್ಗೆ ದಿಗಿಲಾಯಿತು. ನನ್ನ ಸ್ಲೇಟಿನಲ್ಲಿ ಒಂದೊಂದೇ ಪದ ಜೋರಾಗಿ ಹೇಳಿಕೊಂಡು ಬರೆದೆ: ಒಗೆದ ಸೀರೆಯ ಮೇಲೆ ಮಲಗಿದ್ದಕ್ಕೆ ತಾಯಿ ಹೊಡೆಯುತ್ತಾಳೆಂದು ಹೆದರಿ ಸುಮ್ಮನಾದಳು.

ಅತ್ತೆ ಬಾಯಿ ತೆರೆದಳು. ಮುಚ್ಚಿದಳು. ತಮಿಳಿನಲ್ಲಿ ಮಡಿ ಎಂದರೆ ಮಡಿಲು. ಅದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಾಗಿಲ ಬೇವಿನ ಕಡೆ ನೋಡಿದಳು, ಗಳುವಿನ ಕಡೆ ನೋಡಿದಳು. ಆಮೇಲೆ ಎದ್ದು ಬಂದು, ಚಕ್ಕಳಮಕ್ಕಳ ಹಾಕಿ ಕೂತು, ನನ್ನನ್ನು ಎಳೆದು, ಗುಳ್ಳೆ, ಬೇವು, ಅರಿಸಿನದ ಸಮೇತ ಆಗತಾನೆ ಉಟ್ಟಿದ್ದ ಸೀರೆಯ ಮೇಲೆ ಕೂರಿಸಿಕೊಂಡಳು. ಅವಳ ಮೈ ಮರದ ಹಾಗೆ ಬಿಗಿದುಕೊಂಡಿತ್ತು. ಕೈಯನ್ನು ಎಲ್ಲಿಡಬೇಕೆಂದು ತೋಚದೆ ಗಾಳಿಯಲ್ಲಿ ಹಿಡಿದಿದ್ದಳು. ಕೊನೆಗೆ ನನ್ನ ತಲೆಯ ಮೇಲಿಟ್ಟಳು.

“ಈಗ್ ಓದು” ಎಂದಳು.

ಓದಿದೆ. ಮಡಿ ಎಂಬಲ್ಲಿಗೆ ಬಂದಾಗ ನಿಂತೆ. ಬರೆದದ್ದನ್ನು ಅಳಿಸಿ ಬೇರೆ ಬರೆದೆ. ಬರೆದು ಮುಗಿದರೂ ನಾನು ಏಳಲಿಲ್ಲ. ಅವಳೂ ಏಳು ಎನ್ನಲಿಲ್ಲ.

ವಾದ್ಯಾರು ಬಂದಾಗ ಸ್ಲೇಟನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದೆ. ಓದಿದರು. “ಸೊಲ್ಲಿ ಕುಡುತ್ತೀಂಗಳಾ?” ಎಂದು ಕೇಳಿದರು, ಹೇಳಿಕೊಟ್ಟಿರಾ ಎಂದು.

“ಒರು ವಾರ್ತೆ ಸೊಲ್ಲಲೆ” ಎಂದಳು ಅತ್ತೆ. ಅವರು ಅವಳ ಸೀರೆಯ ಹಸಿರು ಹಳದಿ ಕಲೆಗಳನ್ನು ನೋಡಿದರು. “ಪಾಸು” ಎಂದು ಹೊರಟುಹೋದರು.

ನನ್ನ ತಲೆಗೆ ನೀರು ಹಾಕಿದ ಮೇಲೆ ಬೇವು ಬಿಚ್ಚಿದರು. ಅವ್ವ ಬಂದಳು, ಮನೆ ತುಂಬಿತು. ಮರುದಿನ ಗಳುವಿನ ಹತ್ತಿರ ಹೋದೆ. “ಮುಟ್ಬ್ಯಾಡ ಪುಳ್ಳೆ. ಮಡಿ” ಎಂದಳು ಅತ್ತೆ, ಏನೂ ನಡೆದೇ ಇಲ್ಲವೆಂಬಂತೆ. ಮತ್ತೆಂದೂ ಹಾಗೆ ಕೂರಿಸಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ ಏನೆಂದುಕೊಳ್ಳುತ್ತಾಳೋ ಎಂದು ಯೋಚಿಸುತ್ತಲೇ ದೊಡ್ಡವಳಾದೆ.

ನಾನು ಮದುವೆಯಾಗಿ ಮೈಸೂರಿಗೆ ಬಂದು ಈ ಕನ್ನಡ ಅಕ್ಷರಗಳನ್ನು ಕಲಿಯುತ್ತಿದ್ದಾಗ ಅವಳು ತೀರಿಕೊಂಡಳು. ತೇನಿಯಲ್ಲಿ ಬಸ್ಸು ತಪ್ಪಿ, ಎಲ್ಲ ಮುಗಿದ ಮೇಲೆ ಮನೆ ತಲುಪಿದೆ. ಅವಳ ಸೀರೆ ಇನ್ನೂ ಗಳುವಿನ ಮೇಲೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಕೋಲಿನಿಂದ ಇಳಿಸಿದೆ. ಬೇಡ ಎನ್ನುವ ದನಿಗಾಗಿ ಸ್ವಲ್ಪ ಹೊತ್ತು ಕಾದೆ. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅದನ್ನು ಮಡಿಲಲ್ಲಿ ಇಟ್ಟುಕೊಂಡೆ.