ಚಿಕ್ಕಮ್ಮನ ಕೈಗೆ ಕೂಲಿ

ಬ್ರಿಸ್ಬೇನ್‌ಗೆ ಬಂದ ಮೊದಲ ವಾರದಲ್ಲೇ ನಾನು ಒಂದು ಮೂಟೆ ಈರುಳ್ಳಿ ಕೊಂಡು ತಂದು ನಗೆಪಾಟಲಾದೆ. ಅಂಗಡಿಯ ಹುಡುಗಿ, ಮನೆಯಲ್ಲಿ ಪಾರ್ಟಿಯೇ ಎಂದು ಕೇಳಿದಳು. ಇಲ್ಲ, ನಾವು ಗಂಡ ಹೆಂಡತಿ, ಒಂದು ಮಗು, ಅಷ್ಟೇ ಎಂದೆ. ಅವಳು ಒಮ್ಮೆ ಮೂಟೆಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮನೆಗೆ ಬಂದರೆ ನಮ್ಮವರು ಬಾಗಿಲಲ್ಲೇ ನಿಂತಿದ್ದರು.

"ಇದೇನೇ ಇದು? ಛತ್ರ ಏನಾದ್ರೂ ನಡೆಸ್ಬೇಕು ಅಂತಿದ್ಯಾ?"

"ಮುಂದಿನ ಹಡಗು ಯಾವಾಗ ಬರತ್ತೋ ಅಂತ ತಂದ್ಬಿಟ್ಟೆ ಕಣ್ರೀ."

"ಇಲ್ಲಿ ಹಡಗು ಕಾಯೋದು ಬೇಡ ಕಣೆ. ನಾಳೆ ಹೋದ್ರೂ ಈರುಳ್ಳಿ ಇರತ್ತೆ, ನಾಡಿದ್ದು ಹೋದ್ರೂ ಇರತ್ತೆ."

ನನಗೆ ನಂಬಿಕೆ ಬರಲಿಲ್ಲ. ಮರುದಿನ ಸುಮ್ಮನೆ ನೋಡಿಕೊಂಡು ಬರಲೆಂದೇ ಅಂಗಡಿಗೆ ಹೋದೆ. ಈರುಳ್ಳಿ ಇತ್ತು. ಅದರ ಪಕ್ಕದಲ್ಲಿ ಕ್ಯಾರೆಟ್ಟು, ಎಲೆಕೋಸು, ಯಾರೂ ಕಣ್ಣೆತ್ತಿ ನೋಡದ ರಾಶಿ ರಾಶಿ ಟೊಮೇಟೊ ಇದ್ದವು. ಅಲ್ಲೇ ನಿಂತು ಅತ್ತುಬಿಟ್ಟೆ. ಸಂತೋಷಕ್ಕಲ್ಲ. ಆ ಹೊತ್ತಿಗೆ ನಾವು ಬಿಟ್ಟುಬಂದ ದ್ವೀಪದಲ್ಲಿ, ಗೆಳತಿ ಲೋಸಾಳ ಮನೆಯಲ್ಲಿ ಈರುಳ್ಳಿ ಮುಗಿದು ವಾರಗಳೇ ಆಗಿರುತ್ತವೆ ಎಂಬುದು ನೆನಪಾಗಿತ್ತು.

ಮೈಸೂರಿನಿಂದ ನಾವು ನೇರವಾಗಿ ಆಸ್ಟ್ರೇಲಿಯಾಕ್ಕೆ ಬಂದವರಲ್ಲ. ನಮ್ಮವರು ಡಾಕ್ಟರು. ಎಪ್ಪತ್ತರ ದಶಕದ ಕೊನೆಗೆ ಪೆಸಿಫಿಕ್ ಸಾಗರದ ನಡುವಿನ ಒಂದು ಸಣ್ಣ ದ್ವೀಪದ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ದ್ವೀಪದ ಹೆಸರು ಹೇಳಿದರೂ ನಿಮ್ಮ ಮನೆಯ ಭೂಪಟದಲ್ಲಿ ಸಿಕ್ಕಲಾರದು, ಬಿಡಿ. ಅಲ್ಲಿ ತೆಂಗಿನಕಾಯಿ, ಮೀನು, ಕೆಸವಿನ ಗೆಡ್ಡೆ ಬಿಟ್ಟರೆ ಮಿಕ್ಕಿದ್ದೆಲ್ಲ ಹಡಗಿನಲ್ಲೇ ಬರಬೇಕು. ಅಕ್ಕಿ, ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಬೆಂಕಿಪೊಟ್ಟಣ, ಜ್ವರದ ಮಾತ್ರೆ, ಕೊನೆಗೆ ಹೊಲಿಯುವ ಸೂಜಿ ಕೂಡ. ಹಡಗು ಬಂದ ದಿನ ಹಬ್ಬ. ಬರಬೇಕಾದ ದಿನ ಬಾರದಿದ್ದರೆ ಊರಿಗೆ ಊರೇ ಸಮುದ್ರದ ಕಡೆ ಮುಖ ಮಾಡಿ ಕೂತಿರುತ್ತಿತ್ತು. ಇನ್ನೊಂದು ವಿಷಯ ನಮ್ಮವರು ನನಗೆ ಬಿಡಿಸಿ ಹೇಳಿದ್ದು. ಬಂದರಿನಲ್ಲಿ ಇಳಿಯುವ ಸರಕಿನ ಮೇಲೆ ಅಲ್ಲಿನ ಸರ್ಕಾರ ಒಂದಿಷ್ಟು ಸುಂಕ ಹಾಕುತ್ತಿತ್ತು. ಸರ್ಕಾರದ ಆದಾಯವೆಂದರೆ ಹೆಚ್ಚುಕಡಿಮೆ ಅದೇ. ಶಾಲೆ ನಡೆಯುತ್ತಿದ್ದದ್ದು, ಆಸ್ಪತ್ರೆಗೆ ಔಷಧಿ ಬರುತ್ತಿದ್ದದ್ದು, ನಮ್ಮ ಮನೆಗೆ ಸಂಬಳ ಬರುತ್ತಿದ್ದದ್ದು ಆ ದುಡ್ಡಿನಿಂದ. ಜನ ಸಾಮಾನು ಕೊಳ್ಳುವಷ್ಟು ದಿನ ಎಲ್ಲ ಸರಿ.

ಕೊಳ್ಳಲು ಕಾಸು ಎಲ್ಲಿಂದ ಬರಬೇಕು? ನಮ್ಮ ಕೇರಿಗೆ ಅದು ಲೋಸಾಳ ಶೆಡ್ಡಿನಿಂದ ಬರುತ್ತಿತ್ತು. ಲೋಸಾ ನಮ್ಮ ಪಕ್ಕದ ಮನೆಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಟ್ಟಿ ಆಳು, ಗಟ್ಟಿ ನಗು. ತಗಡಿನ ಶೆಡ್ಡಿನಲ್ಲಿ ಒಂದು ಸಾಲು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಅಂಗಿ ಹೊಲಿಸುತ್ತಿದ್ದಳು. ಕತ್ತರಿಸಲು, ಯಂತ್ರ ತುಳಿಯಲು ಸಂಬಳದ ಹೆಂಗಸರಿದ್ದರು. ಗುಂಡಿ ಹಾಕುವುದು, ಕಾಜಾ ಹೊಲಿಯುವುದು, ಕಾಲರ್ ತಿರುವಿ ಕೈಹೊಲಿಗೆ ಹಾಕುವುದು ಇವೆಲ್ಲ ಅವಳ ಚಿಕ್ಕಮ್ಮ ದೊಡ್ಡಮ್ಮಂದಿರ ಕೆಲಸ. ಅವರು ಬೆಳಿಗ್ಗೆ ಚಾಪೆ ಹಾಸಿಕೊಂಡು ಕೂತರೆ ಹಾಡುತ್ತ, ಊರವರ ಮೇಲೆ ಚಾಡಿ ಹೇಳುತ್ತ ಸಂಜೆಯವರೆಗೆ ಏಳುತ್ತಿರಲಿಲ್ಲ. ನನ್ನನ್ನೂ ಎಳೆದು ಕೂರಿಸಿಕೊಳ್ಳುತ್ತಿದ್ದರು. ಭಾಷೆ ಬಾರದೆ, ನಂಟರಿಲ್ಲದೆ ಆ ದ್ವೀಪದಲ್ಲಿ ನಾನು ಹುಚ್ಚಿಯಾಗದೆ ಉಳಿದದ್ದು ಆ ಚಾಪೆಯ ದೆಸೆಯಿಂದ.

ನಮ್ಮವರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಬಂದ ಬ್ರಿಸ್ಬೇನ್‌ನಲ್ಲಿ ಅಂಥ ಚಾಪೆ ಇರಲಿಲ್ಲ. ಎತ್ತರದ ಮರದ ಕಂಬಗಳ ಮೇಲೆ ನಿಂತ ಮನೆ ಬಾಡಿಗೆಗೆ ಸಿಕ್ಕಿತು. ಇಲ್ಲಿನ ಹಳೆಯ ಮನೆಗಳೆಲ್ಲ ಹಾಗೆಯೇ, ಕೆಳಗೆ ಗಾಳಿಯಾಡಲಿ ಎಂದು. ಬಟ್ಟೆ ಒಗೆಯುವುದು ಮನೆಯ ಅಡಿಯಲ್ಲಿ, ವಾಸ ಮೇಲೆ. ಮೈಸೂರಿನ ನಮ್ಮ ವಠಾರದಲ್ಲಿ ಒಗ್ಗರಣೆ ಸೀದರೆ ನಾಲ್ಕು ಮನೆಯವರು ಬಂದು ಕೇಳುತ್ತಿದ್ದರು. ಇಲ್ಲಿ ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಕೈ ಬೀಸಿ, ಹವೆಯ ವಿಚಾರ ಒಂದು ಮಾತಾಡಿ ಒಳಗೆ ಹೋಗುತ್ತಿದ್ದ. ಕನ್ನಡ ಕಿವಿಗೆ ಬೀಳಬೇಕಾದರೆ ಪರ್ತ್‌ನಲ್ಲಿರುವ ಒಂದು ಡಾಕ್ಟರ ಮನೆಗೋ ಅಡಿಲೇಡ್‌ನಲ್ಲಿರುವ ಇನ್ನೊಂದು ಮನೆಗೋ ಫೋನ್ ಮಾಡಬೇಕು. ಯುಗಾದಿಗೆ ಮಾಡಿದರೆ ಬಿಲ್ ನೋಡಿ ದಸರೆಯವರೆಗೆ ಸುಮ್ಮನಿರುತ್ತಿದ್ದೆವು. ಮಗಳು ಚಿತ್ರಾ ಶಾಲೆಗೆ ಸೇರಿದ ಮೇಲೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರುಮಾಡಿದಳು. ಬೈದು ನೋಡಿದೆ. ಬೈಗುಳಕ್ಕೂ ಇಂಗ್ಲಿಷಿನಲ್ಲೇ ಉತ್ತರ ಬಂತು.

ಅವಳ ಶಾಲೆಯ ಅಂಗಿ ಕೊಳ್ಳಲು ಹೋದಾಗಲೇ ನನಗೊಂದು ಯೋಚನೆ ಹೊಳೆದದ್ದು. ಆ ಅಂಗಡಿಯ ಮಾಲೀಕ ಕೆನ್ ಒಳ್ಳೆಯ ಮನುಷ್ಯ. ಲೋಸಾಳ ಶೆಡ್ಡಿನ ಅಂಗಿಯೊಂದು ನನ್ನಲ್ಲಿತ್ತು. ಇಂಥವನ್ನು ತರಿಸಿ ಮಾರುತ್ತೀಯಾ ಎಂದು ತೋರಿಸಿದೆ. ಅವನು ಒಳಹೊಲಿಗೆ ತಿರುವಿ ನೋಡಿ, "ನಾಳೆ ಆರ್ವೋ ಬಾ" ಎಂದ. ಆರ್ವೋ ಅಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನದ ಮೇಲಿನ ಹೊತ್ತು. ಹೋದೆ. ಲೆಕ್ಕ ಹಾಕಿಟ್ಟಿದ್ದ.

"ಹೊಲಿಗೆ ನಮ್ಮವರದ್ದಕ್ಕಿಂತ ಚೆನ್ನಾಗಿದೆ. ಆದರೆ ಸುಂಕ ಸೇರಿಸಿದರೆ ಈ ಅಂಗಿಯನ್ನ ಯಾವ ತಾಯಿಯೂ ಕೊಳ್ಳಲ್ಲ."

ಹೊರಗಿನಿಂದ ಬರುವ ಸಿದ್ಧ ಉಡುಪಿಗೆ ಈ ದೇಶ ಹಾಕುತ್ತಿದ್ದ ಸುಂಕ ಭಾರಿಯದು. ಇಲ್ಲಿನ ಕಾರ್ಖಾನೆಗಳು ಉಳಿಯಬೇಕು, ಅಲ್ಲಿ ಹೊಲಿಯುವ ಹೆಂಗಸರ ಕೆಲಸ ಉಳಿಯಬೇಕು, ಅದಕ್ಕೆ. ತಪ್ಪು ಎನ್ನುವುದು ಹೇಗೆ? ಆ ಹೆಂಗಸರೂ ನನ್ನ ಹಾಗೆ ಎಲ್ಲಿಂದಲೋ ಬಂದವರೇ. ಅಷ್ಟರಲ್ಲಿ ಲೋಸಾಳ ಕಾಗದ ಬಂತು. ಇಷ್ಟು ದಿನ ಅವಳ ಅಂಗಿ ಕೊಳ್ಳುತ್ತಿದ್ದ ಬೇರೊಂದು ದೇಶವೂ ಸುಂಕ ಏರಿಸಿದೆಯಂತೆ. ಅಂಗಿಗಳು ಶೆಡ್ಡಿನಲ್ಲೇ ಕೂತಿವೆ. ಸಂಬಳದ ಹೆಂಗಸರಿಗೆ ಅರ್ಧ ಸಂಬಳ, ಅವರು ಅಂಗಡಿಯಲ್ಲಿ ಕೊಳ್ಳುವುದು ಅರ್ಧ. ಅಂಗಡಿಯವನು ತರಿಸುವುದು ಕಡಿಮೆಯಾಗಿ ಹಡಗು ಬರುವುದೂ ಕಡಿಮೆಯಾಗಿದೆ. ಬಂದರಿನಲ್ಲಿ ಸುಂಕ ಹುಟ್ಟದೆ ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ. ಯಾರೋ ಎಲ್ಲೋ ಮೇಜಿನ ಮುಂದೆ ಕೂತು ಹಾಕಿದ ಸುಂಕ, ಜ್ವರ ಬಂದ ಮಗುವಿನ ತನಕ ಹೋಗಿ ಮುಟ್ಟಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಒಂದು ದಿನ ಕೆನ್ ತಾನಾಗಿ ಫೋನ್ ಮಾಡಿದ. ಸಣ್ಣ ದ್ವೀಪಗಳ ಸರಕಿಗೆ ಆಸ್ಟ್ರೇಲಿಯಾ ಸುಂಕ ಬಿಡಲಿದೆ, ನಿನ್ನ ಗೆಳತಿಗೆ ತಿಳಿಸು ಎಂದ. ನಾನು ಆ ಸಂಜೆ ಪಾಯಸ ಮಾಡಿದೆ. ಲೋಸಾ ಊರವರ ಹತ್ತಿರ ಕೈಗಡ ಮಾಡಿ, ಅಂಗಿಯ ಪೆಟ್ಟಿಗೆಗಳ ಜೊತೆ ತಾನೇ ಹೊರಟು ಬಂದಳು. ನಮ್ಮ ಮನೆಯಲ್ಲೇ ಇಳಿದುಕೊಂಡಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯನ್ನು ನೋಡಲು ನಾವಿಬ್ಬರೂ ಸುಂಕದ ಕಚೇರಿಗೆ ಹೋದೆವು.

ಅಧಿಕಾರಿ ಸಭ್ಯ ಮನುಷ್ಯ. ಚಹಾ ಕೊಟ್ಟ. ನಿಯಮ ವಿವರಿಸಿದ. ಅಂಗಿ ತಯಾರಿಸಲು ಬಿದ್ದ ಖರ್ಚಿನಲ್ಲಿ ಅರ್ಧವಾದರೂ ದ್ವೀಪದಲ್ಲೇ ಆಗಿರಬೇಕು. ಆಗ ಸುಂಕವಿಲ್ಲ. ಇಲ್ಲದಿದ್ದರೆ ಪೂರ್ತಿ ಸುಂಕ. ಬಟ್ಟೆ, ದಾರ, ಗುಂಡಿ ಎಲ್ಲ ಹೊರಗಿನಿಂದ ತರಿಸಿದ್ದು, ಹಡಗಿನ ಬಾಡಿಗೆ ಬೇರೆ. ಉಳಿದದ್ದು ಕೈಗಳ ಕೆಲಸ. ಸಂಬಳದವರ ಲೆಕ್ಕ ಬರೆದುಕೊಂಡ. ಆಮೇಲೆ ಒಂದು ಅಂಗಿಯ ಗುಂಡಿ ಮುಟ್ಟಿ ಕೇಳಿದ.

"ಇದನ್ನ ಹಾಕಿದವರಿಗೆ ಎಷ್ಟು ಕೊಟ್ಟಿರಿ?"

"ಅವಳು ನನ್ನ ಚಿಕ್ಕಮ್ಮ," ಎಂದಳು ಲೋಸಾ.

"ಸರಿ. ಎಷ್ಟು ಕೊಟ್ಟಿರಿ?"

"ಅವಳು ನನ್ನ ಚಿಕ್ಕಮ್ಮ."

ಅವನು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದ. ಇವಳಿಗೆ ಇಂಗ್ಲಿಷ್ ತಿಳಿಯುತ್ತಿಲ್ಲ ಎಂದುಕೊಂಡನೋ ಏನೋ. ಅವಳಿಗೆ ತಿಳಿದಿತ್ತು. ನಾನು ನಡುವೆ ಬಾಯಿ ಹಾಕಿದೆ. ಅವರಿಗೆ ಮಧ್ಯಾಹ್ನದ ಊಟ ಇವಳ ಮನೆಯಲ್ಲಿ, ಅವರ ಮನೆಯ ಮದುವೆಗೆ ಹಂದಿ ಇವಳು ಕೊಡುತ್ತಾಳೆ, ಸಾವಿಗೆ ಚಾಪೆ ಕೊಡುತ್ತಾಳೆ, ಅದೇ ಅವರಿಗೆ ಸಂದಾಯ ಎಂದೆ. ಅವನು ತಾಳ್ಮೆಯಿಂದ ಕೇಳಿಕೊಂಡ. "ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ, ಕ್ಷಮಿಸಿ," ಎಂದ. ನಾಲ್ಕಾರು ಹೆಂಗಸರು ದಿನವಿಡೀ ಕೂತು ಮಾಡಿದ ಕೆಲಸಕ್ಕೆ ಸೊನ್ನೆ ಬಿತ್ತು. ಅರ್ಧ ಮುಟ್ಟಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಾನು ಸಿಟ್ಟು ತಡೆಯಲಾರದೆ ಕೇಳಿಬಿಟ್ಟೆ. "ಬಾಯಿಗೆ ಬಂದ ಒಂದು ಸಂಖ್ಯೆ ಹೇಳಬಾರದಿತ್ತೇನೇ?"

"ನಿನ್ನ ಚಿಕ್ಕಮ್ಮನನ್ನ ಕೂಲಿಯವಳು ಅಂತ ನೀನು ಹೇಳ್ತಿದ್ಯಾ?"

ಮೈಸೂರಿನ ಬೇಸಿಗೆ ಕಣ್ಣ ಮುಂದೆ ಬಂತು. ಹಪ್ಪಳ ಒತ್ತುವ ದಿನ ಅಕ್ಕಪಕ್ಕದವರು ಲಟ್ಟಣಿಗೆ ಮಣೆ ಹಿಡಿದು ಬರುತ್ತಿದ್ದರು. ಇಂದು ನಮ್ಮ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ. ಹೋಗುವಾಗ ಅಮ್ಮ ಅವರ ಕೈಗೆ ಕಾಸು ಇಟ್ಟಿದ್ದರೆ ಆ ಮನೆಯವರು ಮತ್ತೆ ನಮ್ಮ ಹೊಸಿಲು ತುಳಿಯುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ ಎಂದೆ. ಬಸ್ಸು ಬಂತು.

ಲೋಸಾ ಅಷ್ಟಕ್ಕೆ ಸೋಲೊಪ್ಪುವವಳಲ್ಲ. ಪೆಟ್ಟಿಗೆಗಳ ಸಮೇತ ಊರಿಗೆ ಮರಳಿ, ಸುಳ್ಳು ಬೇಡ, ನಿಜವಾಗಿಯೇ ಕೂಲಿ ಕೊಟ್ಟುಬಿಡುತ್ತೇನೆ ಎಂದು ನಿರ್ಧರಿಸಿದಳು. ವಾರದ ಕೊನೆಗೆ ಒಬ್ಬೊಬ್ಬರ ಕೈಯಲ್ಲೂ ಕವರು ಇಟ್ಟಳು. ಕೂಲಿ ಕೊಟ್ಟರೆ ಸುಂಕ ತಪ್ಪುತ್ತದೆ, ಶೆಡ್ಡು ಉಳಿಯುತ್ತದೆ ಎಂದು ಬಿಡಿಸಿ ಹೇಳಿದಳಂತೆ. ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಕವರನ್ನು ತೆರೆದೂ ನೋಡದೆ ಭಾನುವಾರ ಚರ್ಚಿನ ಕಾಣಿಕೆ ತಟ್ಟೆಗೆ ಹಾಕಿ ಬಂದಳು. "ನಿನಗೆ ಕೂಲಿಯವರು ಬೇಕಾದರೆ ಕೂಲಿಯವರನ್ನ ಕರೆಸಿಕೋ" ಎಂದಳು. ಸೋಮವಾರ ಚಾಪೆಗೆ ಯಾರೂ ಬರಲಿಲ್ಲ. ಬೇರೆ ಹೆಂಗಸರನ್ನು ಇಟ್ಟುಕೊಳ್ಳೋಣವೆಂದರೆ, ಚಿಕ್ಕಮ್ಮ ದೊಡ್ಡಮ್ಮಂದಿರ ಮುನಿಸು ಕಟ್ಟಿಕೊಂಡ ಮನೆಗೆ ಕೆಲಸಕ್ಕೆ ಹೋಗಲು ಆ ಊರಿನಲ್ಲಿ ಯಾರು ಒಪ್ಪುತ್ತಾರೆ? ಕೆಲವು ತಿಂಗಳು ಎಳೆದಾಡಿ ಶೆಡ್ಡು ಮುಚ್ಚಿತು. ಉಪ್ಪುಗಾಳಿಗೆ ಯಂತ್ರಗಳು ತುಕ್ಕು ಹಿಡಿದವು. ನಮ್ಮವರ ಜಾಗಕ್ಕೆ ಬಂದಿದ್ದ ಡಾಕ್ಟರೂ ಹೊರಟುಹೋದರು, ಇನ್ನೊಬ್ಬರನ್ನು ಕರೆಸಲು ಸರ್ಕಾರದ ಹತ್ತಿರ ದುಡ್ಡಿರಲಿಲ್ಲ.

ಓದುಗರು ಕೇಳಬಹುದು, ಯಾರದಪ್ಪ ತಪ್ಪು ಎಂದು. ನಾನು ಬಹಳ ದಿನ ಹುಡುಕಿದೆ. ಅಧಿಕಾರಿ ಚಹಾ ಕೊಟ್ಟ, ಕೆನ್ ಅಂಗಿ ಕೊಳ್ಳಲು ತಯಾರಿದ್ದ, ದೊಡ್ಡಮ್ಮ ಮಾನ ಉಳಿಸಿಕೊಂಡಳು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಆ ಮೇಲೆ ಲೋಸಾ ಬ್ರಿಸ್ಬೇನ್‌ಗೇ ಬಂದಳು. ಅವಳ ಗಂಡನ ಅಣ್ಣ ಇಲ್ಲಿದ್ದ, ಅವನ ಆಸರೆಯಲ್ಲಿ ಇಬ್ಬರಿಗೂ ಇರಲು ಅನುಮತಿ ಸಿಕ್ಕಿತು. ಅವಳಿಗೆ ಕೆಲಸ ಸಿಕ್ಕಿದ್ದು ಅಂಗಿ ಕಾರ್ಖಾನೆಯಲ್ಲಿ. ಯಾವ ಕಾರ್ಖಾನೆ ಉಳಿಯಲೆಂದು ಸುಂಕ ಹಾಕಿದ್ದರೋ ಅಂಥದೇ ಒಂದರಲ್ಲಿ. ಅದೇ ಕಾಲರ್, ಅದೇ ಕಾಜಾ. ಇಲ್ಲಿ ಗುಂಡಿಗಿಷ್ಟು ಎಂದು ಎಣಿಸಿ ಕೊಡುತ್ತಾರೆ. ಹಾಡುವಂತಿಲ್ಲ, ಯಂತ್ರದ ಸದ್ದಿನಲ್ಲಿ ಕೇಳುವುದೂ ಇಲ್ಲ. ಬಂದ ಸಂಬಳದಲ್ಲಿ ಅವಳು ಹಿಟ್ಟು, ಸಕ್ಕರೆ, ಮೀನಿನ ಡಬ್ಬಿ, ಮಾತ್ರೆ ಕೊಂಡು ಪೆಟ್ಟಿಗೆ ಕಟ್ಟಿ ಊರಿಗೆ ಕಳಿಸುತ್ತಾಳೆ. ಮುನಿಸಿಕೊಂಡಿದ್ದ ದೊಡ್ಡಮ್ಮ ಪೆಟ್ಟಿಗೆ ಮುಟ್ಟುತ್ತಾಳೆ. ತಂಗಿಯ ಮಗಳು ಕಳಿಸಿದ್ದು ಕೂಲಿಯಲ್ಲವಲ್ಲ. ಈಗ ಎಂಬತ್ತರ ದಶಕ ಮುಗಿಯುತ್ತ ಬಂದಂತೆ ಇಲ್ಲಿನ ಸರ್ಕಾರ ಸುಂಕ ಇಳಿಸುವ ಮಾತಾಡುತ್ತಿದೆ. ಇಳಿಸಿದರೆ ದ್ವೀಪದ ಅಂಗಿ ಬರುವುದಿಲ್ಲ, ಹೊಲಿಯುವವರೇ ಅಲ್ಲಿಲ್ಲ. ದೊಡ್ಡ ದೇಶಗಳ ಅಗ್ಗದ ಅಂಗಿ ಬರುತ್ತದೆ, ಲೋಸಾಳ ಕಾರ್ಖಾನೆ ಮುಚ್ಚುತ್ತದೆ. ಅದು ಅವಳಿಗೂ ಗೊತ್ತು.

ಹೋದ ವರ್ಷ ಒಂದು ಶನಿವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಮನೆಯ ಅಡಿಯ ನೆರಳಿನಲ್ಲಿ ಇಬ್ಬರೂ ಅವಳ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದೆವು. ಊರಿಗೆ ವಾಪಸ್ ಹೋಗುವ ಮನಸ್ಸಿಲ್ಲವೇ ಎಂದು ಕೇಳಿದೆ.

"ದಿನಾ ಇದೆ," ಎಂದಳು. "ಹೋದರೆ ಈ ಪೆಟ್ಟಿಗೆ ಕಳಿಸೋರು ಯಾರು? ನಾನು ಅಲ್ಲಿದ್ದರೆ ಎಲ್ಲರೂ ಸೇರಿ ಉಪವಾಸ. ನಾನು ಇಲ್ಲಿದ್ದರೆ ಅವರು ಉಣ್ತಾರೆ."

ಗಂಟು ಬಿಗಿದು ಹಗ್ಗದ ತುದಿ ಕತ್ತರಿಸಿದಳು. ನನ್ನ ಕಡೆ ತಿರುಗಿ ಕೇಳಿದಳು.

"ನೀನು? ನಿಮ್ಮೂರಿಗೆ ಏನು ಕಳಿಸ್ತೀಯ?"

ಯೋಚಿಸಿ ನೋಡಿದೆ. ಮೈಸೂರಿನಲ್ಲಿ ಅಣ್ಣ ಅತ್ತಿಗೆ, ಅಕ್ಕಂದಿರು ಎಲ್ಲ ಚೆನ್ನಾಗಿದ್ದಾರೆ. ಅವರ ಅಡುಗೆಮನೆ ನನ್ನಿಂದ ನಡೆಯುತ್ತಿಲ್ಲ, ನಾನು ಇಲ್ಲದ್ದರಿಂದ ಅಲ್ಲಿ ಯಾವುದೂ ನಿಂತಿಲ್ಲ.

"ಫೋಟೋ ಕಳಿಸ್ತೀನಿ. ಚಿತ್ರಾದು."

"ಹಾಗಾದರೆ ನೀನು ಹೋಗಬಹುದು," ಎಂದಳು ಲೋಸಾ. ಕೊಂಕಿಲ್ಲ, ನಗುವಿಲ್ಲ. ನಿಜವಾಗಿ ನನ್ನ ಭಾಗ್ಯ ಎಂದುಕೊಂಡೇ ಹೇಳಿದಳು.

ಹೋಗಬಹುದು. ಯಾರೂ ತಡೆದಿಲ್ಲ, ಯಾರ ತುತ್ತೂ ತಪ್ಪುವುದಿಲ್ಲ. ಅವಳು ಆ ಮಾತು ಹೇಳಿ ವರ್ಷವಾಯಿತು. ನಾನು ಇನ್ನೂ ಇಲ್ಲೇ ಇದ್ದೇನೆ, ಅವಳ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತ.