ಓಡಬಾರದೆಂದ ದಿನಗಳು

ತೆಲಂಗಾಣದ ಗಡಿಯ ನಾಗಲಗಿದ್ದದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಕುರಿ ಸಾಕುತ್ತಿದ್ದ. ಸಣ್ಣವಳಿದ್ದಾಗಿನಿಂದ ನಾನೂ ಅವುಗಳ ಹಿಂದೆ ಓಡಿದವಳೇ. ಹದಿನಾರು ತುಂಬಿದ ಮೇಲೆ ಓಡುವಾಗ ಎದೆಯ ಮೇಲೆ ಯಾರೋ ಮೊಣಕಾಲೂರಿದಂತೆ ಆಗತೊಡಗಿತು. ನಿಂತರೆ ಹೋಗುತ್ತಿತ್ತು, ಯಾರಿಗೂ ಹೇಳಲಿಲ್ಲ. ಒಂದು ದಿನ ಹೊಲದ ಬದುವಿನ ಮೇಲೆ ಬಿದ್ದುಬಿಟ್ಟೆ. ನಾರಾಯಣಖೇಡದಲ್ಲಿ ಇಸಿಜಿ ತೆಗೆದರು, ಸರಿಯಾಗಿಯೇ ಇತ್ತು. ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು.

ಮರುವರ್ಷ ಜಹೀರಾಬಾದಿನಲ್ಲಿ ನೌಕರಿಯಲ್ಲಿದ್ದ ಕಾಕಾನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಬೇರೆ ತೆಲಂಗಾಣ ರಾಜ್ಯ ಬೇಕೆಂದು ದಿನಕ್ಕೊಂದು ಮೆರವಣಿಗೆ. ಅಂಥ ಒಂದರಲ್ಲಿ ಪೊಲೀಸರು ಲಾಠಿ ಎತ್ತಿದರು, ಎಲ್ಲರೂ ಓಡಿದೆವು. ಬಸ್‌ಸ್ಟ್ಯಾಂಡಿನ ಗೋಡೆಯ ಹತ್ತಿರ ನನಗೆ ಕಣ್ಣು ಕತ್ತಲೆ ಬಂತು.

"ಅಂಜಿ ಬಿದ್ದಾಳ್ರಿ," ಎಂದಳು ಕಾಕು, ಡಾಕ್ಟರ ಎದುರು.

ತಾಂಡೂರಿನ ಕಡೆಯ ಆ ಡಾಕ್ಟರಿಗೆ ಕನ್ನಡ ಬರುತ್ತಿತ್ತು. ನನ್ನನ್ನೇ ಕೇಳಿದರು: "ಓಡಾಕತ್ತಾಗ ಬಿದ್ದಿಯೇನವಾ, ನಿಂತಮ್ಯಾಲೋ?"

"ಓಡಾಕತ್ತಾಗ್ರಿ. ಮೊದಲ ಎದಿ ಹಿಡೀತು. ಊರಾಗೂ ಹಂಗ ಆಗಿತ್ರಿ."

ಅವರು ಪೆನ್ನು ಕೆಳಗಿಟ್ಟರು. "ಇದು ಅಂಜಿಕಿ ಅಲ್ಲ. ಹೈದರಾಬಾದಿಗೆ ಒಯ್ರಿ. ಅಲ್ಲೀತನಕ ಒಂದ್ ಹೆಜ್ಜೀನೂ ಓಡಬ್ಯಾಡ."

ಹೈದರಾಬಾದಿನಲ್ಲಿ ಎಕೋ ಮಾಡಿದರು, ಆಮೇಲೆ ಸಿ.ಟಿ. ಹೃದಯಕ್ಕೇ ರಕ್ತ ಕೊಡುವ ಎಡಗಡೆಯ ನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟು, ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದುಹೋಗಿತ್ತು. ಓಡಿದಾಗ ಅದು ಒತ್ತಿಹೋಗುತ್ತಿತ್ತು. ಮಲಗಿಸಿ ತೆಗೆದ ಇಸಿಜಿಯಲ್ಲಿ ಅದು ಕಾಣುವಂಥದ್ದಲ್ಲ. ಆಪರೇಷನ್ನೇ ದಾರಿ ಎಂದು ದಿನ ಕೊಟ್ಟರು.

ಆ ದಿನ ಬರುವಷ್ಟರಲ್ಲಿ ತೆಲಂಗಾಣಕ್ಕಾಗಿ ಮುಷ್ಕರ ಶುರುವಾಗಿ ಬಸ್ಸುಗಳು ನಿಂತವು. ಹೆದ್ದಾರಿಯಲ್ಲಿ ರಾಸ್ತಾರೋಕೋ, ಯಾವ ಗಾಡಿಯನ್ನೂ ಬಿಡುತ್ತಿರಲಿಲ್ಲ. ದಾರಿಯಲ್ಲಿ ಗದ್ದಲವಾದರೆ ನಾನು ಓಡಬೇಕಾದೀತೆಂಬ ಭಯ ಕಾಕಾನಿಗೆ. ಆಸ್ಪತ್ರೆಯವರೂ ದಿನ ಮುಂದೂಡಿದರು. ಕಾಕು ಮಾಳಿಗೆಯಿಂದ ಕೆಳಗಿಳಿಯಲು ಬಿಡಲಿಲ್ಲ, ಬಚ್ಚಲಿನ ಚಿಲಕ ಹಾಕಲೂ ಬಿಡಲಿಲ್ಲ. ನಾನು ಕೆಮ್ಮಿದರೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಲ್ಲುತ್ತಿತ್ತು. ಕೆಳಗೆ ಗೆಳತಿಯರು "ಜೈ ತೆಲಂಗಾಣ" ಎನ್ನುತ್ತ ಹೋಗುವಾಗ ಒಮ್ಮೆ ಕಿಟಕಿಯಿಂದ ನಾನೂ ಕೂಗಿದೆ. ಎದೆ ಡವಡವ ಎಂದಿತು. ಸಂತೋಷಕ್ಕೋ ರೋಗಕ್ಕೋ ತಿಳಿಯದೆ ಗೋಡೆಗೊರಗಿ ಕೂತುಬಿಟ್ಟೆ. ಮತ್ತೆ ಕೂಗಲಿಲ್ಲ.

ಅಪ್ಪ ಯಾರದೋ ಮೋಟಾರ್‌ಸೈಕಲ್ ಹಿಂದೆ ಕೂತು ನೋಡಲು ಬಂದ.

"ಅಪ್ಪಾ, ಊರಿಗರೆ ಕರ್ಕೊಂಡ್ ಹೋಗು. ಇಲ್ಲಿ ಉಸಿರು ಕಟ್ಟತದ."

"ಊರಾಗ ಸುಮ್ಮ ಕುಂದರ್ತೇನು? ಒಂದ್ ಮರಿ ತಪ್ಪಿಸ್ಕೊಂಡ್ರ ಸಾಕು, ಎದ್ದು ಓಡ್ತಿ."

"ಓಡಂಗಿಲ್ಲ."

"ನಿನ್ನ ನಾ ನೋಡೀನಿಲ್ಲೇನು?" ಎಂದು ಅಪ್ಪ ಮುಖ ತಿರುಗಿಸಿದ. ನಾನು ಸಿಟ್ಟಿಗೆ ಊಟ ಬಿಟ್ಟೆ. ಅವನೂ ಉಣ್ಣದೆ ಹೊರಟ.

ಮುಷ್ಕರ ಮುಗಿದ ಮೇಲೆ ಆಪರೇಷನ್ ಆಯಿತು. ಕೆಲವು ತಿಂಗಳ ನಂತರ ಆಸ್ಪತ್ರೆಯ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಕಂಬಿ ಬಿಗಿಹಿಡಿದು ಓಡಿದೆ, ನೋವು ಬರಲಿಲ್ಲ. ಇನ್ನು ಭಯವಿಲ್ಲ, ಓಡಬಹುದು ಎಂದು ಡಾಕ್ಟರ್ ತೆಲುಗಿನಲ್ಲಿ ಹೇಳಿದಾಗ ಅಪ್ಪ ಎರಡೂ ಕೈ ಮುಗಿದ.

ಹೊರಗೆ ಬಂದರೆ ನಮ್ಮ ಬಸ್ಸು ಹೊರಟಿತ್ತು. ಅಪ್ಪ ಓಡಿಹೋಗಿ ಮೆಟ್ಟಿಲಿಗೆ ಜಿಗಿದು, "ಓಡಿ ಬಾ!" ಎಂದು ಕೈ ಚಾಚಿದ. ನಾನು ನಿಂತಲ್ಲೇ ನಿಂತೆ. ಅವನು ಮುಂದೆ ಇಳಿದು ಏದುಸಿರು ಬಿಡುತ್ತ ಹಿಂದೆ ಬಂದ.

"ಡಾಕ್ಟರ್ ಓಡು ಅಂದಾರಲ್ಲವಾ?"

"ಅಂದಾರಪ್ಪಾ. ನನಗ ಆಗವಲ್ದು."

ಮುಂದಿನ ಬಸ್ಸು ಬರುವವರೆಗೆ ಇಬ್ಬರೂ ರಸ್ತೆಯ ಬದಿಗೆ ಕೂತಿದ್ದೆವು.